ಊರಿಗೆ ಬಂದದ್ದು ಕೇರಿಗೆ ಬರದೆ ಇದ್ದೀತೆ?

ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ ಅಂತ ಒಂದು ಗಾದೆ ಇದೆ. ಈ ಗಾದೆ ಕಟ್ಟಿದವರು ಊರಿನವರೇ ಇರಬೇಕು. ನೀರಿಗೆ ಬರಬ್ಯಾಡ ಎಂದು ದೂರ ನಿಲ್ಲಿಸಿದ ಜನವೂ ಈ ದೇಶದಲ್ಲಿದ್ದಾರೆ ಎಂಬುದು ಅವರ ಗಮನಕ್ಕೆ ಬಂದ ಹಾಗಿಲ್ಲ. ಆದರೆ ರೋಗದ ಮಟ್ಟಿಗೆ ಈ ಗಾದೆ ಸರಿಯಾಗಿ ಒಪ್ಪುತ್ತದೆ. ಊರಿಗೆ ಬಂದ ರೋಗ ಕೇರಿಗೂ ಬಂದೇ ಬರುತ್ತದೆ. ಊರಿಗೆ ಬಂದ ಮದ್ದು ಮಾತ್ರ ದಾರಿಯಲ್ಲಿ ಎಲ್ಲೋ ಕೂತುಬಿಡುತ್ತದೆ.

ನಾವು ಹರಿಹರದ ಒಂದು ಕೇರಿಯಲ್ಲಿ ಹುಟ್ಟಿ, ದಾವಣಗೆರೆಯ ಹಾಸ್ಟೆಲುಗಳಲ್ಲಿ ಉಂಡು, ಅಲ್ಲೇ ಓದಿ, ಅಲ್ಲೇ ಮಾಸ್ತರಿಕೆಯೋ ಗುಮಾಸ್ತಿಕೆಯೋ ಹಿಡಿದು ಬದುಕುತ್ತಿರುವ ನಾಲ್ಕು ಜನ. ಒಂದೇ ಅಜ್ಜಿಯ ಮೊಮ್ಮಕ್ಕಳು. 2022ರ ಸಂಕ್ರಾಂತಿಗೆ ಹದಿನಾಲ್ಕು ಕಿಲೋಮೀಟರು ಬಸ್ಸಿನಲ್ಲಿ ಬಂದು ಆ ಅಜ್ಜಿಗೆ ನಾವು ರೋಗ ಕೊಟ್ಟೆವು. ನಾವೇ ಕೊಟ್ಟೆವು ಎನ್ನುವುದಕ್ಕೆ ಕಾಗದದ ರುಜುವಾತು ಇಲ್ಲ. ಆದರೆ ನಮ್ಮ ಎದೆಗೆ ಗೊತ್ತಿದೆ. ಎರಡೆರಡು ಸೂಜಿ ಚುಚ್ಚಿಸಿಕೊಂಡವರು ನಾವು. ಒಂದೂ ಇಲ್ಲದವಳು ಅವಳು. ಈ ನಾಲ್ಕು ಮಂದಿಗೂ ಆ ಒಬ್ಬಳಿಗೂ ನಡುವೆ ಏನು ನಡೆಯಿತು ಎಂದು ನಮಗೆ ನಾವೇ ಬಿಡಿಸಿ ಹೇಳಿಕೊಳ್ಳಬೇಕಾಗಿದೆ. ಅದಕ್ಕೇ ಈ ಬರಹ.

ಮೊದಲಿಂದ ಹೇಳುತ್ತೇವೆ. 2020ರ ಮಾರ್ಚಿನಲ್ಲಿ ಕಲಬುರಗಿಯಲ್ಲಿ ಈ ದೇಶದ ಮೊದಲ ಕರೋನ ಸಾವು ಆಯಿತು. ಅದೇ ತಿಂಗಳು 25ರಿಂದ ದೇಶಕ್ಕೆ ಬೀಗ ಬಿತ್ತು. ವಿಮಾನದಲ್ಲಿ ಬಂದ ರೋಗ ಅದು. ದಾವಣಗೆರೆಯಲ್ಲೂ ಮೊದಲು ಕಂಡದ್ದು ಹೊರದೇಶದಿಂದ ಬಂದವರಲ್ಲಿ. ಅವರು ಗುಣವಾದರು, ಜಿಲ್ಲೆ ಹಸಿರು ವಲಯ ಅನ್ನಿಸಿಕೊಂಡಿತು. ಏಪ್ರಿಲ್ ಕೊನೆಗೆ ಬಾಷಾ ನಗರದಲ್ಲಿ, ಆಮೇಲೆ ಜಾಲಿ ನಗರದಲ್ಲಿ ರೋಗ ಕಾಣಿಸಿತು. ಬೀದಿಗಳಿಗೆ ತಗಡು, ಗಳ ಕಟ್ಟಿದರು. ವಿಮಾನ ಹತ್ತಿದವರ ರೋಗ ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಕುಡಿದು ದುಡಿಯುವವರ ಓಣಿಗೆ ಇಳಿಯಲು ಒಂದು ತಿಂಗಳು ಸಾಕಾಯಿತು. ಇಳಿದ ಮೇಲೆ ರೋಗ ಅವರದೇ ಎಂಬಂತೆ ಊರು ಮಾತಾಡತೊಡಗಿತು.

ಆಗ ಎಲ್ಲರ ಬಾಯಲ್ಲೂ ಒಂದು ಮಾತು: ಸಾಮಾಜಿಕ ಅಂತರ ಕಾಪಾಡಿ. ಆಟೋದ ಮೈಕಿನಲ್ಲಿ ಅದನ್ನು ಕೂಗಿಕೊಂಡು ಹೋದಾಗ ಅಜ್ಜಿ ಕೇಳಿದ್ದಳು, 'ಇದೇನ್ರಪ್ಪಾ ಹೊಸಾದು? ನಾವು ಹುಟ್ಟಿದಾಗ್ಲಿಂದ ಕಾಪಾಡಿಕೊಂಡೇ ಬಂದೀವಲ್ಲ!' ನಾವು ನಕ್ಕಿದ್ದೆವು. ವಿಶ್ವ ಆರೋಗ್ಯ ಸಂಸ್ಥೆಯವರು ಆ ಮಾರ್ಚಿನಲ್ಲೇ, ಬೇಕಾಗಿರುವುದು ಮೈ ಮೈಗಳ ನಡುವಿನ ಅಂತರ, ಮನುಷ್ಯ ಸಂಬಂಧದ ಅಂತರ ಬೇಡ ಎಂದು ಮಾತು ತಿದ್ದಿಕೊಂಡರು. ನಮ್ಮ ಆಟೋ ಮೈಕು ತಿದ್ದಿಕೊಳ್ಳಲಿಲ್ಲ.

2021ರ ಜನವರಿ 16ರಂದು ಲಸಿಕೆ ಶುರುವಾಯಿತು. ಮೊದಲು ಆಸ್ಪತ್ರೆಯವರಿಗೆ. ಫೆಬ್ರವರಿ 2ರಿಂದ ಪೊಲೀಸರಿಗೆ, ಪೌರಕಾರ್ಮಿಕರಿಗೆ. ಮಾರ್ಚಿ 1ರಿಂದ ಅರವತ್ತು ದಾಟಿದವರಿಗೆ. ಪೌರಕಾರ್ಮಿಕರನ್ನು ಮುಂದಿನ ಸಾಲಿಗೆ ತಂದದ್ದು ಒಳ್ಳೆಯದೇ. ಊರಿನ ಹೊಲಸಿಗೆ ಮೊದಲು ಕೈ ಹಾಕುವವರು ನಮ್ಮವರು, ರೋಗಕ್ಕೂ ಮೊದಲು ಸಿಗುವವರು ಅವರೇ. ನಮ್ಮ ಅಜ್ಜಿಗೆ ಎಪ್ಪತ್ತೆಂಟೋ ಎಂಬತ್ತೋ. ಕಾಗದದ ಪ್ರಕಾರ ಅವಳು ಸಾಲಿನ ಮುಂಭಾಗದಲ್ಲೇ ಇದ್ದಳು.

ಮೂರು ಸಲ ಹೋದಳು. ಮೊದಲ ಸಲ, ಇವತ್ತಿನದು ಮುಗೀತು ನಾಳೆ ಬಾ ಅಂದರು. ಎರಡನೇ ಸಲ, ಮೊಬೈಲ್ ನಂಬರು ಇಲ್ಲದೆ ಹೆಸರು ಹತ್ತೋದಿಲ್ಲ ಅಂದರು. ಮೂರನೇ ಸಲ ಮೊಮ್ಮಗನ ನಂಬರು ಚೀಟಿಯಲ್ಲಿ ಬರೆಸಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು. ಬಿಸಿಲಿತ್ತು. ಜನ ನಿಂತಿದ್ದ ನೆರಳಿಗೆ ಹೋಗಿ ನಿಂತಾಗ ಯಾರೋ 'ಏ ಮುದುಕಿ, ದೂರ ನಿಲ್ಲು' ಅಂದರಂತೆ. ಆ ಮಾತು ರೋಗಕ್ಕೆ ಹೇಳಿದ್ದೋ ಜಾತಿಗೆ ಹೇಳಿದ್ದೋ ನಮಗೆ ಗೊತ್ತಿಲ್ಲ. ಎಂಬತ್ತು ವರ್ಷ ಆ ಮಾತು ಕೇಳಿದ ಕಿವಿಗೆ ಅದು ಒಂದೇ ಅರ್ಥ ಕೊಟ್ಟಿತು. ಗಂಟು ಬಿಚ್ಚಿ ಚೀಟಿ ಎಸೆದು ಮನೆಗೆ ಬಂದಳು. ಆಮೇಲೆ ಸೂಜಿಯ ಮಾತೆತ್ತಿದರೆ, 'ಬ್ಯಾಡ ಬಿಡ್ರಲೇ, ಅವರ ಸೂಜಿ ಅವರಿಗೇ ಇರ್ಲಿ' ಅನ್ನುತ್ತಿದ್ದಳು.

ನಮಗೆ ಮಾತ್ರ ಸೂಜಿ ಸಿಕ್ಕಿತು. ನಮ್ಮ ಕೈಯಲ್ಲಿ ಸ್ಮಾರ್ಟ್‌ಫೋನು ಇತ್ತು, ಇಂಗ್ಲಿಷು ಗೊತ್ತಿತ್ತು. ಹೆಸರು ನೋಂದಾಯಿಸುವ ಕೋವಿನ್ ತಾಣ 2021ರ ಜೂನ್ ತನಕ ಕನ್ನಡ ಮಾತಾಡಲಿಲ್ಲ. ಫೋನಿಲ್ಲದವರು, ಅಕ್ಷರ ಇಲ್ಲದವರು ಎಲ್ಲಿಗೆ ಹೋಗಬೇಕು ಎಂದು ಸುಪ್ರೀಂ ಕೋರ್ಟೇ ಆ ಮೇ 31ರಂದು ಸರ್ಕಾರವನ್ನು ಕೇಳಬೇಕಾಯಿತು. ಮೇ ತಿಂಗಳಲ್ಲಿ ಹದಿನೆಂಟು ದಾಟಿದವರಿಗೆಲ್ಲ ಬಾಗಿಲು ತೆರೆದರು, ಆದರೆ ಒಳಗೆ ಲಸಿಕೆ ಇರಲಿಲ್ಲ. ತಯಾರಾದದ್ದರಲ್ಲಿ ಕಾಲು ಭಾಗ ಖಾಸಗಿ ಆಸ್ಪತ್ರೆಗೆ. ಅಲ್ಲಿ ಕೋವಿಶೀಲ್ಡಿಗೆ 780 ರೂಪಾಯಿ, ಕೊವ್ಯಾಕ್ಸಿನ್ನಿಗೆ 1410. ಭಟ್ಟಿಯಲ್ಲಿ ದುಡಿಯುವ ಒಂದು ಸಂಸಾರ ಗಂಡ ಹೆಂಡತಿ ಇಬ್ಬರಿಗೂ ಎರಡೆರಡು ಸೂಜಿ ಹಾಕಿಸಬೇಕಾದರೆ ಎಷ್ಟಾಯಿತು ಎಂದು ಮೇಷ್ಟ್ರುಗಳು ಮಕ್ಕಳ ಕೈಲಿ ಲೆಕ್ಕ ಮಾಡಿಸಬಹುದು.

ಕೇರಿಯವರು ಮೂಢರು, ಸೂಜಿಗೆ ಹೆದರುತ್ತಾರೆ ಎಂದು ಆಗ ಪತ್ರಿಕೆಗಳು ಬರೆದವು. ಹೆದರಿದ್ದು ನಿಜ. ಸೂಜಿ ಹಾಕಿಸಿಕೊಂಡರೆ ಮಕ್ಕಳಾಗೋದಿಲ್ಲ ಎಂಬ ಮಾತು ನಮ್ಮ ಕೇರಿಯಲ್ಲೂ ಓಡಾಡಿತು. ಅದು ಸುಳ್ಳು. ಆದರೆ ಆ ಸುಳ್ಳಿಗೆ ಬೇರು ಎಲ್ಲಿದೆ? ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ಈ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನಕ್ಕೆ ಸಂತಾನಹರಣ ಆಪರೇಷನ್ ಆಯಿತು. ಬಡವರನ್ನೇ ಹುಡುಕಿ ಹುಡುಕಿ ಕರೆದೊಯ್ದರು. ಸರ್ಕಾರದ ವ್ಯಾನು ಬಂದರೆ ಹೊಲಕ್ಕೆ ಓಡಿಹೋಗುತ್ತಿದ್ದ ಗಂಡಸರ ಕತೆ ಕೇಳಿಕೊಂಡು ಬೆಳೆದವರು ನಾವು. ಅಂಥ ವ್ಯಾನಿನ ನೆನಪಿರುವ ಕೇರಿಗೆ ಏನನ್ನೂ ಬಿಡಿಸಿ ಹೇಳದೆ ಇನ್ನೊಂದು ವ್ಯಾನು ಕಳಿಸಿದರೆ ಜನ ಹೆದರದೆ ಏನು ಮಾಡುತ್ತಾರೆ? ಇನ್ನೊಂದು ಕಾರಣ ಕೂಲಿ. ಸೂಜಿ ಆದ ಮಾರನೆ ದಿನ ಮೈ ಕಾಯುತ್ತದೆ, ಕೈ ನೋಯುತ್ತದೆ. ನಮಗೆ ರಜೆ ಇದೆ. ಕೂಲಿಯವನಿಗೆ ಆ ದಿನದ ಅನ್ನ ಇಲ್ಲ.

ಅಜ್ಜಿ ಸೂಜಿಯ ವಿರೋಧಿಯಲ್ಲ. ಅವಳ ತೋಳಿನ ಮೇಲೆ ಎರಡು ಗುಂಡನೆಯ ಕಲೆ ಇದ್ದವು, ಚಿಕ್ಕಂದಿನಲ್ಲಿ ಮೈಲಿ ಹಾಕಿಸಿಕೊಂಡದ್ದು. ಅದಕ್ಕೂ ಮುಂಚೆ ಸಿಡುಬು ಬಂದರೆ ಅಮ್ಮ ಬಂದಳು ಎಂದು ಪೂಜೆ ಮಾಡಿ ಗಡಿ ದಾಟಿಸುತ್ತಿದ್ದರು. ಹೊತ್ತು ದಾಟಿಸುವವರು ಕೇರಿಯವರು. ಈ ಊರು ದಾಟಿಸಿದ ಅಮ್ಮ ಮುಂದಿನ ಊರಿಗೆ ಬಂದಿರುತ್ತಿದ್ದಳು, ಆ ಊರು ಇನ್ನೊಂದು ಊರಿಗೆ ದಾಟಿಸುತ್ತಿತ್ತು. ಹೀಗೆ ರೋಗ ಎಲ್ಲೂ ಹೋಗದೆ ಊರೂರು ಸುತ್ತುತ್ತಿತ್ತು. 1970ರ ದಶಕದಲ್ಲಿ ಸಿಡುಬಿನ ಬೆನ್ನು ಮುರಿದವರು ಬೇರೆ ದಾರಿ ಹಿಡಿದರು. ರೋಗ ಎಲ್ಲಿದೆ ಎಂದು ಹುಡುಕಿಕೊಂಡು ಹೋಗಿ, ಆ ಮನೆಯ ಸುತ್ತ, ಆ ಓಣಿಯ ಸುತ್ತ, ಮುಟ್ಟಿದವರಿಗೆಲ್ಲ ಲಸಿಕೆ ಹಾಕಿ ಬೇಲಿ ಕಟ್ಟಿದರು. 1975ರಲ್ಲಿ ಭಾರತದ ಕೊನೆಯ ಸಿಡುಬು ಕಂಡಿತು. 1977ರಲ್ಲಿ ದೇಶ ಸಿಡುಬುಮುಕ್ತ ಅನ್ನಿಸಿತು. ಆಗ ಸೂಜಿ ಮನುಷ್ಯನನ್ನು ಹುಡುಕಿಕೊಂಡು ಬಂತು. 2021ರಲ್ಲಿ ಮನುಷ್ಯ ಸೂಜಿಯನ್ನು ಹುಡುಕಿಕೊಂಡು ಹೋಗಬೇಕಾಯಿತು.

ಒಂದು ಮಾತು ಒಪ್ಪಬೇಕು. ಸಿಡುಬಿನಷ್ಟು ಸುಲಭ ಇದಾಗಿರಲಿಲ್ಲ. ಸಿಡುಬು ಬಂದವನ ಮೈ ನೋಡಿದರೆ ಗೊತ್ತಾಗುತ್ತದೆ. ಕರೋನ ಹಾಗಲ್ಲ. ಕೆಮ್ಮು ಬರುವ ಮೊದಲೇ ಉಸಿರಿನಲ್ಲಿ ಹೊರಗೆ ಬೀಳುತ್ತದೆ. ಕೆಲವರಿಗೆ ಕೆಮ್ಮೂ ಇಲ್ಲ, ಜ್ವರವೂ ಇಲ್ಲ. ಆದ್ದರಿಂದ ಬೇಲಿ ಕಟ್ಟುವಷ್ಟರಲ್ಲಿ ಅದು ಬೇಲಿ ಹಾರಿರುತ್ತದೆ.

2021ರ ಏಪ್ರಿಲ್, ಮೇ. ಡೆಲ್ಟಾ ಬಂತು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಮೇ 2ರ ರಾತ್ರಿಯಿಂದ ಮಾರನೆ ದಿನದೊಳಗೆ 24 ಜನ ಸತ್ತರು, ಆಮ್ಲಜನಕಕ್ಕಾಗಿ ಬಾಯಿಬಿಟ್ಟುಕೊಂಡು. ಜೂನ್ 11ರಂದು ನಮ್ಮ ಕವಿ ಸಿದ್ಧಲಿಂಗಯ್ಯ ಇದೇ ರೋಗಕ್ಕೆ ಹೋದರು. 1975ರಲ್ಲಿ 'ಹೊಲೆಮಾದಿಗರ ಹಾಡು' ಕೊಟ್ಟು ಕೇರಿಗೆ ದನಿ ಬರಿಸಿದವರು ಉಸಿರು ಸಿಕ್ಕದೆ ಹೋದರು ಎಂದು ಕೇಳಿದ ದಿನ ನಾವು ಯಾರೂ ಊಟ ಮಾಡಲಿಲ್ಲ. ಆ ಅಲೆಯಲ್ಲಿ ಅಜ್ಜಿ ಉಳಿದುಕೊಂಡಳು. ನವೆಂಬರಿನಲ್ಲಿ ಆಶಾ ಕಾರ್ಯಕರ್ತೆಯರು ಸೂಜಿ ಡಬ್ಬಿಯವರನ್ನು ಕರಕೊಂಡು ಮನೆ ಮನೆಗೆ ಬಂದರು. ಅಜ್ಜಿ ಬಾಗಿಲಲ್ಲೇ ಕೂತು, 'ಈಗ ಬಂದ್ರಾ? ನಾ ಬಂದಾಗ ಎಲ್ಲಿದ್ರಿ?' ಅಂದಳು. ಆ ಹುಡುಗಿ, 'ನಮ್ದೇನೈತಜ್ಜಿ ತಪ್ಪು' ಎಂದು ಕಣ್ಣೀರು ಹಾಕಿದಳಂತೆ. ಅವಳದು ತಪ್ಪಿರಲಿಲ್ಲ. ತಿಂಗಳ ಪ್ರೋತ್ಸಾಹಧನಕ್ಕೆ ಬಿಸಿಲಲ್ಲಿ ಅಲೆಯುವ ಅವಳೂ ನಮ್ಮಂಥ ಮನೆಯ ಮಗಳೇ. ನಾವು ಬಂದು ಕೂತು ಅಜ್ಜಿಗೆ ತಿಳಿಹೇಳಬೇಕಿತ್ತು. ಫೋನಿನಲ್ಲಿ, ಮುದುಕಿದು ಭಾಳ ಹಠ ಎಂದು ನಕ್ಕು ಸುಮ್ಮನಾದೆವು.

ಡಿಸೆಂಬರ್ 2ರಂದು ಒಮೈಕ್ರಾನ್ ಭಾರತದಲ್ಲಿ ಮೊದಲು ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, ಇಬ್ಬರಲ್ಲಿ. ಆರು ವಾರಕ್ಕೆ ಸಂಕ್ರಾಂತಿ. ವಾರದ ಕೊನೆಗೆ ಕರ್ಫ್ಯೂ ಇದ್ದದ್ದರಿಂದ ಶುಕ್ರವಾರವೇ ಹರಿಹರಕ್ಕೆ ಬಂದೆವು. ನಮ್ಮಲ್ಲಿ ಒಬ್ಬನಿಗೆ ಗಂಟಲು ಕೆರೆತ. ಇಬ್ಬನಿ ನೆಗಡಿ ಅಂದುಕೊಂಡೆವು. ಎರಡು ಸೂಜಿ ಆಗಿದೆಯಲ್ಲ ಎಂಬ ಧೈರ್ಯ. ಮಾಸ್ಕು ಜೇಬಿನಲ್ಲಿತ್ತು. ಒಂದೇ ಕೋಣೆಯ ಮನೆ, ಕಿಟಕಿ ಚಿಕ್ಕದು, ಚಳಿಗೆ ಅದನ್ನೂ ಮುಚ್ಚಿದ್ದೆವು. ಅಜ್ಜಿಯ ತಟ್ಟೆಯಲ್ಲೇ ಕೈ ಹಾಕಿ ಉಂಡು, ಪಕ್ಕದಲ್ಲೇ ಮಲಗಿದೆವು. ದಾವಣಗೆರೆಗೆ ಹೋದ ಮೇಲೆ ನಮ್ಮಲ್ಲಿ ಇಬ್ಬರಿಗೆ ಪಾಸಿಟಿವ್ ಬಂತು. ಮೂರು ದಿನ ಮೈಕೈ ನೋವು, ಆಮೇಲೆ ಎದ್ದು ಕೆಲಸಕ್ಕೆ ಹೋದೆವು. ಅಜ್ಜಿ ಹತ್ತನೇ ದಿನಕ್ಕೆ ಮಾತು ನಿಲ್ಲಿಸಿದಳು, ಹನ್ನೆರಡನೇ ದಿನ ಹೋದಳು. ಪರೀಕ್ಷೆ ಮಾಡಲಿಲ್ಲ. ವಯಸ್ಸಾಗಿತ್ತು ಎಂದು ಬರೆದುಕೊಂಡರು.

ಮಣ್ಣಿಗೆ ಬಂದವರಲ್ಲಿ ಒಬ್ಬ ಅಣ್ಣ ಕೇಳಿದ: 'ಸೂಜಿ ಹಾಕ್ಸಿಕೊಂಡ ನಿಮಗೂ ಬಂತು, ಹಾಕ್ಸಿಕೊಳ್ಳದ ಅಜ್ಜಿಗೂ ಬಂತು. ಹಂಗಾದ್ರೆ ಸೂಜಿ ಯಾತಕ್ಕೆ?' ಓದಿದ ನಾಲ್ವರ ಬಾಯಲ್ಲೂ ಉತ್ತರ ಬರಲಿಲ್ಲ. ಈಗ ಹೇಳುತ್ತೇವೆ, ಅಣ್ಣ ಓದಲಿ.

ಸೂಜಿ ಎರಡು ಕೆಲಸ ಮಾಡುತ್ತದೆ. ಒಂದು, ರೋಗ ಒಳಗೆ ಬರದಂತೆ ಬಾಗಿಲು ಕಾಯುವುದು. ಇನ್ನೊಂದು, ಬಂದರೂ ಕೊಲ್ಲದಂತೆ ಒಳಗೆ ಹೊಡೆದಾಡುವುದು. ಕರೋನದ ಸೂಜಿ ಮೊದಲ ಕೆಲಸದಲ್ಲಿ ಅರ್ಧಂಬರ್ಧ. ಕೆಲವು ತಿಂಗಳಿಗೆ ಸೊರಗುತ್ತದೆ, ಒಮೈಕ್ರಾನಿನ ಮುಂದೆ ಇನ್ನೂ ಸೊರಗಿತು. ಎರಡನೇ ಕೆಲಸದಲ್ಲಿ ಗಟ್ಟಿ, ಹೆಚ್ಚು ಕಾಲ ಬಾಳುತ್ತದೆ. ನಾವು ಮೂರು ದಿನಕ್ಕೆ ಎದ್ದೆವು. ನಮಗೆ ವಯಸ್ಸೂ ಕಮ್ಮಿ ಇತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಅಜ್ಜಿಯ ವಯಸ್ಸಿನವರಿಗೇ ಸೂಜಿಯಿಂದ ಎಲ್ಲರಿಗಿಂತ ಹೆಚ್ಚು ಉಪಕಾರವಿತ್ತು.

ಡೆಲ್ಟಾ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಮನೆಮನೆಗಳನ್ನೇ ಹಿಡಿದು ನೋಡಿದ ಅಧ್ಯಯನವೊಂದು 2021ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂತು. ಮನೆಯಲ್ಲಿ ಒಬ್ಬರಿಗೆ ರೋಗ ಬಂದಾಗ, ಎರಡು ಸೂಜಿ ಆಗಿದ್ದವರಲ್ಲಿ ನೂರಕ್ಕೆ 25 ಜನಕ್ಕೆ ಅಂಟಿತು, ಸೂಜಿ ಇಲ್ಲದವರಲ್ಲಿ 38 ಜನಕ್ಕೆ. ಬಾಗಿಲು ಕಾಯುವ ಕೆಲಸ ಅಷ್ಟರ ಮಟ್ಟಿಗೆ ನಡೆದಿದೆ. ಆದರೆ ರೋಗ ತಂದವನಿಗೆ ಸೂಜಿ ಆಗಿದ್ದರೂ ಆಗಿರದಿದ್ದರೂ, ಅವನು ಮನೆಯವರಿಗೆ ಹಂಚಿದ ಪ್ರಮಾಣ ಹೆಚ್ಚುಕಮ್ಮಿ ಒಂದೇ. ಸೂಜಿಯಾದವನ ಮೈಯಲ್ಲಿ ವೈರಸ್ಸು ಬೇಗ ಇಳಿಯುತ್ತದೆ, ಅಷ್ಟೆ. ಇದನ್ನು ಓದಿದ ದಿನ ನಮಗೆ ನಮ್ಮ ಸಂಕ್ರಾಂತಿ ಕಣ್ಣಿಗೆ ಕಟ್ಟಿತು. ನಮ್ಮ ಸೂಜಿ ನಮ್ಮನ್ನು ಕಾದಿತ್ತು. ಒಂದೇ ಕೋಣೆಯಲ್ಲಿ ಅಜ್ಜಿಯನ್ನು ಕಾಯುವಷ್ಟು ಬಲ ಅದಕ್ಕಿರಲಿಲ್ಲ. ಅವಳಿಗೆ ಅವಳದೇ ಸೂಜಿ ಬೇಕಿತ್ತು.

ಇನ್ನೊಂದು ಲೆಕ್ಕ. ಆಸ್ಪತ್ರೆಯಲ್ಲಿ ಮಲಗಿದವರಲ್ಲಿ ಸೂಜಿಯಾದವರೇ ಜಾಸ್ತಿ ಎಂದು ಕೆಲವರು ಹೇಳಿಕೊಂಡು ತಿರುಗಿದರು. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಒಂದು ಊರಲ್ಲಿ ಸಾವಿರ ಜನ. 900 ಮಂದಿಗೆ ಸೂಜಿ ಆಗಿದೆ, 100 ಮಂದಿಗೆ ಇಲ್ಲ. ಸೂಜಿಯಾದವರಲ್ಲಿ ನೂರಕ್ಕೆ ಇಬ್ಬರು ಆಸ್ಪತ್ರೆ ಸೇರಿದರೆ 18 ಜನ. ಆಗದವರಲ್ಲಿ ನೂರಕ್ಕೆ ಹತ್ತು ಅಂದರೆ 10 ಜನ. ವಾರ್ಡಿನಲ್ಲಿ ನಿಂತು ಎಣಿಸಿದರೆ 28ರಲ್ಲಿ 18 ಸೂಜಿಯವರು! ಊರಿನಲ್ಲಿ ನಿಂತು ಎಣಿಸಿದರೆ ಸೂಜಿ ಇಲ್ಲದವನಿಗೆ ಐದು ಪಟ್ಟು ಅಪಾಯ. ಎಲ್ಲಿ ನಿಂತು ಎಣಿಸುತ್ತೀವಿ ಎಂಬುದರ ಮೇಲೆ ಸತ್ಯ ಕಾಣುತ್ತದೆ. ಇದು ರೋಗಕ್ಕೆ ಮಾತ್ರ ಹೇಳುವ ಮಾತಲ್ಲ, ಮೀಸಲಾತಿಯ ಲೆಕ್ಕ ಹೇಳುವವರಿಗೂ ಅನ್ವಯಿಸುತ್ತದೆ.

ಇನ್ನು ಹರಡುವ ಬಗೆ. ಮೊದಲ ವರ್ಷದ ವೈರಸ್ಸು ಒಬ್ಬನಿಂದ ಸುಮಾರು ಮೂವರಿಗೆ ದಾಟುತ್ತಿತ್ತು ಅನ್ನಿ. ಆ ಮೂವರಲ್ಲಿ ಇಬ್ಬರಿಗೆ ತಡೆ ಇದ್ದರೆ ಒಬ್ಬನಿಂದ ಒಬ್ಬನಿಗೇ ದಾಟುತ್ತದೆ. ತಡೆ ಇನ್ನೂ ಹೆಚ್ಚಾದರೆ ಬೆಂಕಿ ತಾನೇ ಆರುತ್ತದೆ. ಡೆಲ್ಟಾ ಐದಾರು ಜನಕ್ಕೆ ದಾಟುವಂಥದ್ದು. ಅದಕ್ಕೆ ಆರರಲ್ಲಿ ಐವರಿಗೆ ತಡೆ ಬೇಕು, ಅದೂ ಸೋರದ ತಡೆ. ನಮ್ಮ ಸೂಜಿಯ ತಡೆ ಸೋರುತ್ತಿತ್ತು. ಆದ್ದರಿಂದ ಇಷ್ಟು ಜನಕ್ಕೆ ಹಾಕಿದರೆ ಸಾಕು, ಉಳಿದವರು ಇವರ ನೆರಳಲ್ಲಿ ಬದುಕಿಕೊಳ್ಳುತ್ತಾರೆ ಎಂಬ ಮಾತು ಈ ರೋಗಕ್ಕೆ ಸಲ್ಲಲಿಲ್ಲ.

ಈ ಲೆಕ್ಕಗಳಲ್ಲಿ ಒಂದು ಗುಟ್ಟಿದೆ. ಎಲ್ಲರೂ ಎಲ್ಲರ ಜೊತೆ ಸಮನಾಗಿ ಬೆರೆಯುತ್ತಾರೆ ಎಂದುಕೊಂಡು ಸುಲಭದ ಲೆಕ್ಕ ಹಾಕುತ್ತಾರೆ. ನಮ್ಮ ದೇಶದಲ್ಲಿ ಯಾರು ಯಾರ ಜೊತೆ ಸಮನಾಗಿ ಬೆರೆತಿದ್ದಾರೆ? ಹರಿ ಮತ್ತು ಹರ ಒಂದೇ ಕಲ್ಲಿನಲ್ಲಿ ಬೆರೆತು ನಿಂತ ಊರು ನಮ್ಮದು. ದೇವರು ಬೆರೆತರು, ಜನ ಬೆರೆಯಲಿಲ್ಲ. ರೈತರಿಗೆ ಗೊತ್ತು, ಕಣದಲ್ಲಿ ಬಣವೆಗಳನ್ನು ಒಂದಕ್ಕೊಂದು ತಾಗಿಸಿ ಒಟ್ಟಬಾರದು. ನೂರು ಹೊರೆಯಲ್ಲಿ ಹತ್ತು ಮಾತ್ರ ಒಣಗಿದ್ದು, ತೊಂಬತ್ತು ಹಸಿಯಾಗಿದ್ದು, ಆ ಹತ್ತು ಅಲ್ಲೊಂದು ಇಲ್ಲೊಂದು ಇದ್ದರೆ ಕಿಡಿ ಬಿದ್ದಲ್ಲೇ ಸಾಯುತ್ತದೆ. ಆ ಹತ್ತನ್ನೂ ಒಂದೇ ಕಡೆ ಒಟ್ಟಿದ್ದರೆ ಅಷ್ಟೂ ಉರಿದು, ಪಕ್ಕದ ಹಸಿಯನ್ನೂ ಬಾಡಿಸುತ್ತದೆ. ತಾಲ್ಲೂಕಿಗೆ ನೂರಕ್ಕೆ ತೊಂಬತ್ತು ಆಯಿತು ಎಂದು ಬೋರ್ಡು ಬರೆದವರು ಉಳಿದ ಹತ್ತು ಜನ ಯಾವ ಓಣಿಯಲ್ಲಿದ್ದಾರೆ ಎಂದು ಬರೆಯಲಿಲ್ಲ. ಸರಾಸರಿ ಎಂಬ ಅಂಕಿಯ ಅಡಿಯಲ್ಲಿ ಕೇರಿ ಕಾಣೆಯಾಗುತ್ತದೆ.

2022ರಲ್ಲಿ ಕೆನಡಾದ ಕೆಲವು ವಿದ್ವಾಂಸರು ಇಂಥದೇ ಮಾದರಿ ಕಟ್ಟಿ ನೋಡಿದರು. ಸೂಜಿಯಾದವರು ತಮ್ಮತಮ್ಮಲ್ಲೇ ಬೆರೆತರೆ ಅವರಿಗೆ ರೋಗ ಕಮ್ಮಿ, ಸೂಜಿಯಿಲ್ಲದವರು ತಮ್ಮಲ್ಲೇ ಉಳಿದರೆ ಅವರಿಗೆ ಇನ್ನೂ ಹೆಚ್ಚು. ಆದರೂ ಈ ಕಡೆಯ ರೋಗ ಆ ಕಡೆಗೆ ದಾಟುವುದು ನಿಲ್ಲುವುದಿಲ್ಲ ಎಂದು ಹೇಳಿದರು. ಅದು ಲೆಕ್ಕದ ಮಾದರಿ, ಅದನ್ನು ಪ್ರಶ್ನಿಸಿದವರೂ ಇದ್ದಾರೆ. ನಮ್ಮ ಪ್ರಶ್ನೆ ಬೇರೆ. ಅಲ್ಲಿ ಸೂಜಿ ಇಲ್ಲದವನೆಂದರೆ ಬೇಡ ಅಂದವನು. ನಮ್ಮಲ್ಲಿ ಬೇಡ ಅಂದವನಿಗೂ, ಬೇಕೆಂದರೂ ಸಿಗದವನಿಗೂ, ಸಿಗದೆ ಸಿಗದೆ ಕೊನೆಗೆ ಬೇಡ ಅಂದ ನಮ್ಮ ಅಜ್ಜಿಗೂ ಒಂದೇ ಹೆಸರು. ಈ ಮೂವರನ್ನು ಬೇರೆ ಮಾಡದೆ ಅಪರಾಧ ಹೊರಿಸುವುದು ಊರಿಗೆ ಸುಲಭ. ಕೇರಿಯ ಹೆಂಗಸು ಬೆಳಗಾದರೆ ಊರಿನ ಮನೆಯ ಮುಸುರೆ ತಿಕ್ಕಲು ಹೋಗುತ್ತಾಳೆ, ಗಂಡಸು ಊರಿನ ಗದ್ದೆಗೆ, ಗೋಡೌನಿಗೆ ಹೋಗುತ್ತಾನೆ. ಕೆಲಸಕ್ಕೆ ಬೆರೆಯಬಹುದು, ಸಾಲಿನಲ್ಲಿ ನಿಲ್ಲಲು ಬೆರೆಯಬಾರದು. ಇಂಥ ಊರು ತನ್ನ ಮೈಗೆ ಮಾತ್ರ ಸೂಜಿ ಹಾಕಿಕೊಂಡು ಎಷ್ಟು ದಿನ ಕ್ಷೇಮವಾಗಿದ್ದೀತು?

ಲೋಕವೂ ಹೀಗೇ ಊರು-ಕೇರಿಯಾಗಿ ಒಡೆದಿತ್ತು. ಲಸಿಕೆಯ ಮೇಲಿನ ಒಡೆತನದ ಹಕ್ಕನ್ನು ಸ್ವಲ್ಪ ಕಾಲ ಬಿಟ್ಟುಕೊಡಿ, ನಾವೂ ತಯಾರಿಸುತ್ತೇವೆ ಎಂದು 2020ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕಾ ಮತ್ತು ಭಾರತ ವಿಶ್ವ ವ್ಯಾಪಾರ ಸಂಸ್ಥೆಯನ್ನು ಕೇಳಿದವು. ಉಳ್ಳ ದೇಶಗಳು ಎಳೆದಾಡಿ 2022ರ ಜೂನಿನಲ್ಲಿ ತುಂಡು ರೊಟ್ಟಿ ಎಸೆದವು. 2021 ಮುಗಿಯುವಾಗ ಶ್ರೀಮಂತ ದೇಶಗಳು ಮೂರನೇ ಸೂಜಿ ಹಾಕಿಕೊಳ್ಳುತ್ತಿದ್ದರೆ ಆಫ್ರಿಕಾದಲ್ಲಿ ಹತ್ತರಲ್ಲಿ ಒಬ್ಬನಿಗೂ ಪೂರ್ತಿ ಲಸಿಕೆ ಆಗಿರಲಿಲ್ಲ. ಒಮೈಕ್ರಾನನ್ನು ಪತ್ತೆ ಮಾಡಿ ಲೋಕಕ್ಕೆ ತಿಳಿಸಿದ ಅಲ್ಲಿನ ವಿಜ್ಞಾನಿಗಳಿಗೆ ಸಿಕ್ಕ ಬಹುಮಾನ ವಿಮಾನ ಬಂದ್! ದೂರ ನಿಲ್ಲು ಎಂಬ ಮಾತಿಗೆ ಭಾಷೆಗಳು ಬಹಳ.

ಪ್ಲೇಗಿನ ಕಾಲದಲ್ಲಿ ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ರೋಗ ಬಿದ್ದ ಒಬ್ಬ ಮಹಾರ್ ಹುಡುಗನನ್ನು ಹೊತ್ತುಕೊಂಡು ಆಸ್ಪತ್ರೆಗೆ ತಂದರು. ಆ ರೋಗ ತಗುಲಿ 1897ರ ಮಾರ್ಚಿ 10ರಂದು ತೀರಿಕೊಂಡರು. ಮುಟ್ಟಿದರೆ ಸಾವು ಎಂದು ಗೊತ್ತಿದ್ದೂ ಮುಟ್ಟಿದ ತಾಯಿ ಆಕೆ. ನಾವು ಏನೂ ಯೋಚಿಸದೆ ಮುಟ್ಟಿದೆವು, ನಮ್ಮ ಅಜ್ಜಿ ಸತ್ತಳು.

2021ರ ಕೊನೆಯವರೆಗೆ ಸರ್ಕಾರದ ಲೆಕ್ಕದಲ್ಲಿ ಸತ್ತವರು 4 ಲಕ್ಷ 81 ಸಾವಿರ. ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದ್ದು 47 ಲಕ್ಷ. ಸರ್ಕಾರ ಅದನ್ನು ಒಪ್ಪಲಿಲ್ಲ. ಇವೆರಡರ ನಡುವೆ ಎಷ್ಟು ಕೇರಿಗಳಿವೆಯೋ! 2022ರ ಜನವರಿಯಲ್ಲಿ ಸತ್ತ ನಮ್ಮ ಅಜ್ಜಿ ಯಾವ ಪಟ್ಟಿಯಲ್ಲೂ ಇಲ್ಲ. 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದು ಸಾರಿದರು. ವೈರಸ್ಸು ಹೋಗಿಲ್ಲ, ಇನ್ನೊಂದು ಬರುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ.

ಗೆಳೆಯರೆ, ಮುಂದಿನ ಸಲಕ್ಕೆ ಈಗಲೇ ಕೇಳಿಡಬೇಕು. ಸೂಜಿಯ ಲೆಕ್ಕ ತಾಲ್ಲೂಕಿಗೊಂದು ಬೇಡ, ಓಣಿ ಓಣಿಗೆ ಬೇಕು. ಮೊದಲ ಡಬ್ಬಿ ಕೇರಿಯ ಅಂಗಳದಲ್ಲಿ ತೆರೆಯಬೇಕು. ಸೂಜಿಯ ಮಾರನೆ ದಿನಕ್ಕೆ ಕೂಲಿ ಕೊಡಬೇಕು. ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ ನಮಗೆ ಭೂಮಿ ಕೇಳುವುದನ್ನು ಕಲಿಸಿದರು, ಹೆಂಡ ಬೇಡ ವಸತಿ ಶಾಲೆ ಬೇಕು ಎಂದು ಕೇಳುವುದನ್ನು ಕಲಿಸಿದರು. ಉಸಿರು ಕೇಳುವುದೂ ಆ ಪಟ್ಟಿಯಲ್ಲೇ ಸೇರಬೇಕು. ಇದು ಸರ್ಕಾರಕ್ಕೆ. ನಮಗೆ ನಾವು ಹೇಳಿಕೊಳ್ಳುವುದು ಬೇರೆ: ನಾಲ್ಕಕ್ಷರ ಕಲಿತು ಊರ ಕಡೆ ಸರಿದ ನಾವು ನಮ್ಮ ಸೂಜಿ ಆದ ದಿನವೇ ಹಿಂದಕ್ಕೆ ಬಂದು ಅಜ್ಜಿಯ ಕೈ ಹಿಡಿದು ಆ ಸಾಲಿನಲ್ಲಿ ನಿಲ್ಲಬೇಕಿತ್ತು. ದೂರ ನಿಲ್ಲು ಎಂದವನಿಗೆ, ಯಾಕೆ ಎಂದು ಕೇಳಬೇಕಿತ್ತು.

ಈಗ ಹಬ್ಬಕ್ಕೆ ಹೋದರೆ ಕೇರಿಯ ಇತರ ಅಜ್ಜಿಯರು ಕೂತಿರುತ್ತಾರೆ. ಗಂಟಲು ಕೆರೆದರೆ ನಾವು ಹೋಗುವುದಿಲ್ಲ. ಹೋದರೆ ಕಿಟಕಿ ತೆಗೆದು ಕೂರುತ್ತೇವೆ. 'ಯಾಕ್ರಲೇ ಮುಖ ಮುಚ್ಚಿಕೊಂಡೀರಿ, ನಾವೇನು ಮೈಲಿಗೆ ಆಗೀವಾ?' ಎಂದು ಒಬ್ಬಾಕೆ ಕೇಳಿದಳು. 'ನೀನಲ್ಲ ಅಜ್ಜಿ, ನಾವು' ಎಂದೆವು.